ರಾಯಚೂರಿನ ರೇಸ್ ತಂಡವೂ ಮಾನ್ವಿಯ ಮಾವನೂ

ನಾನು ರಾಯಚೂರಿನ ಒಂದು ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಮೇಷ್ಟ್ರು. ಜೊತೆಗೆ ಒಂದು ಕಾರ್ ರೇಸಿಂಗ್ ತಂಡದ ಮ್ಯಾನೇಜರು. ಮೊದಲನೆಯ ಮಾತಿಗೆ ಜನ ನಮಸ್ಕಾರ ಹೇಳುತ್ತಾರೆ, ಎರಡನೆಯ ಮಾತಿಗೆ ನನ್ನ ಆರೋಗ್ಯ ವಿಚಾರಿಸುತ್ತಾರೆ. ತಂಡ ಸೇರಿ ಎರಡು ವರ್ಷವಾದರೂ ಕಾರಿನ ಬಗ್ಗೆ ನನಗೆ ಹೆಚ್ಚೇನೂ ತಿಳಿದಿಲ್ಲ. ಕಾರಿನ ಸುತ್ತ ನಿಲ್ಲುವ ಮನುಷ್ಯರ ಬಗ್ಗೆ ಮಾತ್ರ ವಾರಕ್ಕೊಂದಾದರೂ ಹೊಸ ಸಂಗತಿ ತಿಳಿಯುತ್ತಲೇ ಇದೆ. ಕೆಲವನ್ನು ಇಲ್ಲಿ ಬರೆದಿದ್ದೇನೆ.

ಎಲ್ಲಿಗೆ ಹೋಗ್ತದ?

ತಂಡ ಕಟ್ಟಿದವನು ನನ್ನ ಹಳೆಯ ವಿದ್ಯಾರ್ಥಿ. ಈಗ ಯಾಪಲದಿನ್ನಿ ರಸ್ತೆಯಲ್ಲಿ ಶೆಡ್ ಹಾಕಿಕೊಂಡಿರುವ ಟ್ರ್ಯಾಕ್ಟರ್ ಮೇಸ್ತ್ರಿ. ನನ್ನ ಬಳಿ ಮೂರು ವರ್ಷ ಕಲಿತದ್ದರಿಂದ ಅವನಿಗೆ ಇಂಗ್ಲಿಷ್ ಬರುವುದಿಲ್ಲ. ಆದ್ದರಿಂದ ರೇಸಿನ ನಿಯಮಗಳ ದಪ್ಪ ಪುಸ್ತಕ ಹಿಡಿದುಕೊಂಡು ನನ್ನ ಬಳಿಗೇ ಬಂದ. ನ್ಯಾಯವಾಗಿಯೇ ಇತ್ತು.

ಓದಿ ಹೇಳಿದೆ. ಸ್ಟಾಕ್ ಕಾರ್ ರೇಸ್ ಎಂದರೆ, ಅಂಗಡಿಯಲ್ಲಿ ಸಿಗುವ ಸಾದಾ ಕಾರಿನ ಒಳಗಿನದೆಲ್ಲ ಕಿತ್ತು, ಕಬ್ಬಿಣದ ಪಂಜರ ಕೂರಿಸಿ, ಮೊಟ್ಟೆಯಾಕಾರದ ಮಣ್ಣಿನ ಟ್ರ್ಯಾಕಿನಲ್ಲಿ ಸುತ್ತು ಹೊಡೆಯುವುದು. ಹೊಸ ತಂಡಕ್ಕೆ ಎರಡು ರೇಸಿನ ಅವಕಾಶ. ಅವೆರಡರಲ್ಲಿ ಒಂದನ್ನಾದರೂ ಪೂರ್ತಿ ಓಡಿ ಕೊನೆಯ ಗೆರೆ ದಾಟಿದರೆ ವೃತ್ತಿಪರ ತಂಡವೆಂದು ನೋಂದಣಿ. ಗೆಲ್ಲಬೇಕಾಗಿಲ್ಲ, ದಾಟಿದರೆ ಸಾಕು.

ಮೇಸ್ತ್ರಿಗೆ ಇನ್ನೊಂದು ನಿಯಮವಿತ್ತು. ಅದು ಪುಸ್ತಕದಲ್ಲಿರಲಿಲ್ಲ, ಮಾನ್ವಿಯಲ್ಲಿತ್ತು. ಅವನ ಮಾವ ಅಲ್ಲಿ ಹಮಾಲರಾಗಿ ಚೀಲ ಹೊತ್ತು, ಕೊನೆಗೆ ಸ್ವಂತ ಅಕ್ಕಿ ಗಿರಣಿ ಕಟ್ಟಿದವರು. ‘ಒಂದು ವರ್ಷ ಟೈಮ್ ಕೊಟ್ಟೀನಿ. ನಿನ್ನ ತಂಡ ರಿಜಿಸ್ಟರ್ ಆಗಲಿಲ್ಲಂದ್ರ ಶೆಡ್ ಮುಚ್ಚಿ ಬಂದು ಗಿರಣ್ಯಾಗ ನನ್ನ ಬಾಜೂಕ ಕುಂದ್ರು’ ಎಂದಿದ್ದರು. ಮೇಸ್ತ್ರಿ ಎಂಥ ಎಂಜಿನ್ನಿಗೂ ಹೆದರಿದವನಲ್ಲ. ಮಾವನ ಪಕ್ಕದಲ್ಲಿ ಕೂರಿಸುವ ಆ ‘ಬಾಜೂಕ’ ಎಂಬ ಮಾತು ನೆನೆದರೆ ಮಾತ್ರ ಬೆವರುತ್ತಿದ್ದ.

ಅರ್ಧ ಕಟ್ಟಿದ ಕಾರನ್ನು ನೋಡಲು ಮಾವ ಒಮ್ಮೆ ಶೆಡ್ಡಿಗೆ ಬಂದರು.

‘ಇದು ಎಲ್ಲಿಗೆ ಹೋಗ್ತದ?’

‘ಎಲ್ಲಿಗೂ ಇಲ್ರಿ. ಅಲ್ಲೇ ಇಪ್ಪತ್ತು ಸುತ್ತು ಹೊಡೀತದ.’

‘ಆಮ್ಯಾಲ?’

‘ಹೊರಟ ಜಾಗಕ್ಕ ಬರತದ.’

ಮಾವ ಕಾರನ್ನೊಮ್ಮೆ, ಅಳಿಯನನ್ನೊಮ್ಮೆ ನೋಡಿದರು. ‘ನಮ್ಮ ಗಿರಣೀನೂ ದಿನಾ ಸುತ್ತತದ. ಆದ್ರ ಕೆಳಗ ಅಕ್ಕಿ ಬೀಳತಾವ.’

ಕಿಟಕಿಯ ಮಾರ್ಗ

ಡ್ರೈವರನನ್ನು ಹುಡುಕಲು ದೂರ ಹೋಗಲಿಲ್ಲ. ದೇವದುರ್ಗ–ಮಾನ್ವಿ ಲೈನಿನಲ್ಲಿ ಜನರನ್ನು ತುಂಬಿಕೊಂಡು ಜೀಪು ಹೊಡೆಯುವ ಒಬ್ಬನಿದ್ದ. ಮಲ್ಲಟದವನು, ಕುರಿ ಕಾಯುವ ಮನೆತನ. ಸರ್ಕಾರಿ ಬಸ್ಸು ಕಂಡರೆ ಅದನ್ನು ಹಿಂದೆ ಹಾಕದೆ ಅವನಿಗೆ ಊಟ ಸೇರುತ್ತಿರಲಿಲ್ಲ. ಅವನ ಜೀಪಿನಲ್ಲಿ ಒಮ್ಮೆ ಹೋದವರು ಎರಡನೆಯ ಸಲ ಬಸ್ಸಿಗೆ ಕಾಯುತ್ತಿದ್ದರು. ಮೇಸ್ತ್ರಿಗೆ ಇದಕ್ಕಿಂತ ಒಳ್ಳೆಯ ಅರ್ಹತಾಪತ್ರ ಬೇಕಿರಲಿಲ್ಲ.

ಡ್ರೈವರ್ ಕಾರಿನ ಸುತ್ತ ಒಂದು ಸುತ್ತು ಹಾಕಿ ಕೇಳಿದ: ‘ಸೀಟು ಎಷ್ಟ್ರಿ?’

‘ಒಂದ. ನಿಂದು.’

‘ಒಂದ ಸೀಟಿಗೆ ಇಷ್ಟು ಅರ್ಜೆಂಟ್ ಯಾಕ್ರಿ?’

ಉತ್ತರದ ಬದಲು ಹೆಲ್ಮೆಟ್ ಕೊಟ್ಟೆವು. ಶೆಡ್ಡಿನ ಹಿಂದಿನ ಹೊಲದ ದಾರಿಯಲ್ಲಿ ಮೊದಲ ಪರೀಕ್ಷೆ. ಕಾರು ಗುಂಡಿನಂತೆ ಹೊರಟಿತು. ನಾನು ಗಡಿಯಾರ ಹಿಡಿದು ನಿಂತಿದ್ದೆ. ಅರ್ಧ ದಾರಿಯಲ್ಲಿ ಕಾರು ಗಕ್ಕನೆ ನಿಂತಿತು. ಏನು ಮುರಿಯಿತೋ ಎಂದು ಮೇಸ್ತ್ರಿಯೂ ನಾನೂ ಓಡಿದೆವು. ಏನೂ ಮುರಿದಿರಲಿಲ್ಲ. ದಾರಿಯ ಬದಿಯಲ್ಲಿ ಗಂಟು ಹಿಡಿದ ಮುದುಕಿಯೊಬ್ಬಳು ಕೈ ಅಡ್ಡ ಮಾಡಿದ್ದಳು. ಹದಿನೈದು ವರ್ಷದ ಅಭ್ಯಾಸದ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗಿತ್ತು.

‘ಮಾನ್ವಿಗೆ ಏನಪಾ?’

‘ಇದು ರೇಸಿನ ಗಾಡಿ ಯವ್ವಾ.’

‘ಯಾವುದರ ಇರಲಿ. ಬಾಗಲಾ ತಗಿ.’

‘ಬಾಗಲಾ ಇಲ್ಲ. ಬೆಸುಗಿ ಹಾಕ್ಯಾರ.’

‘ಮತ್ತ ನೀ ಹೆಂಗ ಹತ್ತಿದಿ?’

‘ಕಿಡಕ್ಯಾಗಿಂದ.’

ಮುದುಕಿ ಕಿಟಕಿಯನ್ನೂ ತನ್ನನ್ನೂ ಅಳೆದು ನೋಡಿಕೊಂಡಳು. ಒಂದು ಕ್ಷಣ ಯೋಚಿಸಿ, ಮೊದಲು ಗಂಟನ್ನು ತೂರಿಸಿದಳು.

ಓದುವ ವೇಗ

ರೇಸ್ ಕಾರಿನ ಮೈಮೇಲೆ ಜಾಹೀರಾತು ಇರಬೇಕಂತೆ. ಇಲ್ಲದಿದ್ದರೆ ಬಡವರ ಕಾರಿನಂತೆ ಕಾಣುತ್ತದೆ. ಮಾನ್ವಿಯ ಬೀಜ-ಗೊಬ್ಬರದ ಅಂಗಡಿಯವರೊಬ್ಬರು ಒಪ್ಪಿದರು. ಬೆಸುಗೆ ಹಾಕಿ ಮುಚ್ಚಿದ ಎಡಗಡೆ ಬಾಗಿಲ ಮೇಲೆ ಅವರ ಅಂಗಡಿಯ ಹೆಸರು, ಬೆಂಡೆ ಬೀಜದ ವಿವರ, ಹತ್ತಿಯ ಹುಳಕ್ಕೆ ಹೊಡೆಯುವ ಔಷಧಿಯ ಪ್ರಮಾಣ, ಊಟದ ಬಿಡುವಿನ ಸಮಯ, ಕೊನೆಗೆ ‘ನಮಗೆ ಬೇರೆ ಶಾಖೆ ಇಲ್ಲ’ ಎಂಬ ಎಚ್ಚರಿಕೆ.

ಬರೆಸಿದ ಮೇಲೆ ಒಂದು ಸುತ್ತು ಓಡಿಸಿ ತೋರಿಸಿದೆವು. ಅಂಗಡಿಯವರ ಮುಖ ಬಾಡಿತು.

‘ಚಲೋ ಅದರಿ. ಆದ್ರ ಜನರ ಮುಂದ ಬಂದಾಗ ಸ್ವಲ್ಪ ಸಾವಕಾಶ ಹೋಗ್ರಿ. ಔಷಧಿ ಪ್ರಮಾಣ ತಪ್ಪು ಓದಿಕೊಂಡ್ರ ಬೆಳಿ ಸುಟ್ಟು ಹೋಗತದ.’

ಕುತ್ತಿಗೆಯ ಶಾಸ್ತ್ರ

ಅಭ್ಯಾಸಕ್ಕೆ ಬಯಲು ಬೇಕಿತ್ತು. ಕಲ್ಲೂರಿನ ಹತ್ತಿರ ನಮ್ಮ ಪರಿಚಯದ ಆಚಾರ್ಯರೊಬ್ಬರ ಬೀಳು ಹೊಲವಿತ್ತು. ನಿವೃತ್ತ ಸಂಸ್ಕೃತ ಮೇಷ್ಟ್ರು, ದೊಡ್ಡ ಮನಸ್ಸು. ಕೇಳಿದ ತಕ್ಷಣ ಕೊಟ್ಟರು. ಒಂದೇ ಷರತ್ತು: ಹೊಲದ ನಟ್ಟ ನಡುವೆ ಹನುಮಪ್ಪನ ಕಟ್ಟೆ ಇದೆ, ಸುತ್ತುವುದಾದರೆ ಪ್ರದಕ್ಷಿಣೆಯಾಗಿಯೇ ಸುತ್ತಬೇಕು. ಅಂದರೆ ಗಡಿಯಾರದ ಮುಳ್ಳಿನಂತೆ, ದೇವರು ಬಲಕ್ಕೆ.

ಎರಡು ತಿಂಗಳು ಹಾಗೆಯೇ ಸುತ್ತಿಸಿದೆವು. ಡ್ರೈವರ್ ಕಣ್ಣು ಮುಚ್ಚಿಕೊಂಡು ಬಲಕ್ಕೆ ತಿರುಗಿಸುವಷ್ಟು ಪಳಗಿದ. ಆಗ ನಾನು ಪುಸ್ತಕದ ನಲವತ್ತೊಂದನೆಯ ಪುಟಕ್ಕೆ ಬಂದೆ. ಅಲ್ಲಿ, ರೇಸು ಯಾವಾಗಲೂ ಎಡಕ್ಕೆ ತಿರುಗುತ್ತಾ ಸುತ್ತತಕ್ಕದ್ದು ಎಂದಿತ್ತು.

‘ಇದನ್ನ ಮೊದಲ ಪುಟದಾಗ ಯಾಕ ಹಾಕಿಲ್ರಿ?’ ಎಂದ ಮೇಸ್ತ್ರಿ. ನಾನೇ ಬರೆದ ಪುಸ್ತಕವೆಂಬಂತೆ ತಲೆ ತಗ್ಗಿಸಿದೆ.

ಎಡಕ್ಕೆ ಸುತ್ತಲು ಅಪ್ಪಣೆ ಕೇಳಲು ಹೋದೆವು. ಆಚಾರ್ಯರು ಕಿವಿ ಮುಚ್ಚಿಕೊಂಡರು. ‘ಅಪ್ರದಕ್ಷಿಣಿ! ಅದೂ ಹೊಗಿ ಬಿಟ್ಟುಕೋತ!’ ನಮ್ಮ ಮುಖ ನೋಡಿ ಅವರಿಗೇ ಕನಿಕರವಾಯಿತು. ಬೆಂಕಿಪೊಟ್ಟಣವೊಂದನ್ನು ಕಾರು ಮಾಡಿ, ತಂಬಿಗೆಯನ್ನು ಹನುಮಪ್ಪ ಮಾಡಿ, ಅರ್ಧ ಗಂಟೆ ಸುತ್ತಿಸಿದರು. ಆಮೇಲೆ ಕಣ್ಣು ಅರಳಿತು.

‘ರಿವರ್ಸ್ ಹೊಡೀಲಿ. ಗಾಡಿ ಸುತ್ತೋದು ಪ್ರದಕ್ಷಿಣಿ. ಸ್ಟಿಯರಿಂಗ್ ತಿರುಗೋದು ಎಡಕ್ಕ.’

ಮೇಸ್ತ್ರಿ ಪೊಟ್ಟಣ ತಿರುಗಿಸಿ ನೋಡಿದ. ಸರಿಯಾಗಿತ್ತು. ‘ಆದ್ರ ಆಚಾರ್ರ, ಆಗ ದೇವರು ಡ್ರೈವರನ ಎಡಕ್ಕ ಬರತಾನಲ್ರಿ?’

‘ಕನ್ನಡಿ ನೋಡಿ ಹೊಡದ್ರ ಎಡಕ್ಕ. ಕುತ್ತಿಗಿ ಪೂರಾ ಹಿಂದ ತಿರುಗಿಸಿ ಹೊಡದ್ರ, ಮಾರಿ ಇದ್ದ ಕಡಿಂದ, ಬಲಕ್ಕ. ಕನ್ನಡಿ ತಗದು ಬಿಡ್ರಿ.’

ಹೀಗೆ ನಮ್ಮ ಡ್ರೈವರ್ ಒಂದು ತಿಂಗಳು ಕುತ್ತಿಗೆ ತಿರುಗಿಸಿಕೊಂಡು, ಹಿಮ್ಮುಖವಾಗಿ, ಎಡ ತಿರುವು ಕಲಿತ. ಊಟ ಮಾಡುವಾಗಲೂ ಭುಜದ ಮೇಲಿಂದಲೇ ತಟ್ಟೆ ನೋಡುತ್ತಿದ್ದ. ಆಚಾರ್ಯರು ಕಟ್ಟೆಯ ಮೇಲೆ ಕುಳಿತು ಕೈ ಮುಗಿದರು: ‘ನಮ್ಮ ಮನೆತನದಾಗ ಈ ಕಾರಿಗೆ ಬಂದಷ್ಟು ಪುಣ್ಯ ಯಾರಿಗೂ ಬಂದಿಲ್ಲ ನೋಡ್ರಿ.’

ನಂಬರ್ ಪ್ರಕಾರ

ಮೊದಲ ರೇಸು ಹೈದರಾಬಾದಿನಾಚೆ. ಹನ್ನೊಂದು ಕಾರು. ಚೀಟಿ ಎತ್ತಿದಾಗ ನಮ್ಮದಕ್ಕೆ ಆರನೆಯ ಸ್ಥಾನ ಬಂತು. ಡ್ರೈವರ್ ಹೊರಡುವ ಮುನ್ನ ನನ್ನನ್ನು ಒಂದೇ ಪ್ರಶ್ನೆ ಕೇಳಿದ: ‘ಸರ್, ಇವೆಲ್ಲಾ ಒಂದ ಲೈನಿನ ಗಾಡಿ ಏನ್ರಿ?’

ಒಂದೇ ಟ್ರ್ಯಾಕು ತಾನೆ. ‘ಹೌದಪ್ಪ’ ಎಂದೆ. ಆ ಮಾತಿನ ಭಾರ ನನಗೆ ಗೊತ್ತಿರಲಿಲ್ಲ.

ಹದಿನಾಲ್ಕು ಸುತ್ತು ನಮ್ಮ ಕಾರು ಐದನೆಯ ಕಾರಿನ ಬಾಲಕ್ಕೆ ಅಂಟಿಕೊಂಡಂತೆ ಓಡಿತು. ನಾಲ್ಕು ಸಲ ದಾರಿ ಸಿಕ್ಕಿತು, ನಾಲ್ಕು ಸಲವೂ ದಾಟಲಿಲ್ಲ. ಹದಿನೈದನೆಯ ಸುತ್ತಿನಲ್ಲಿ ಆ ಕಾರು ಕೆಟ್ಟು ಬದಿಗೆ ನಿಂತಿತು. ನಮ್ಮದೂ ಅದರ ಹಿಂದೆ ನಿಂತಿತು. ನಮ್ಮ ಡ್ರೈವರ್ ಕಿಟಕಿಯಿಂದ ಇಳಿದು, ಅವರ ಬಾನೆಟ್ ಎತ್ತಿ, ಏನೋ ವೈರು ಸಿಕ್ಕಿಸಿದ. ಅದು ಹೊರಟಿತು. ಆದರೆ ನಿಯಮದ ಪ್ರಕಾರ ಟ್ರ್ಯಾಕಿನ ಮೇಲೆ ಕಾಲಿಟ್ಟ ಡ್ರೈವರ್ ಮತ್ತೆ ಹತ್ತುವಂತಿಲ್ಲ. ನಮ್ಮ ರೇಸು ಅಲ್ಲಿಗೆ ಮುಗಿಯಿತು.

ಮೇಸ್ತ್ರಿ ತಲೆಯ ಮೇಲೆ ಕೈ ಹೊತ್ತು ಕೇಳಿದ: ‘ಲೇ, ದಾಟಿ ಹೋಗಲಿಕ್ಕೆ ಏನಾಗಿತ್ತು ನಿನಗ?’

‘ಅವಂದು ನಂಬರ್ ನನ್ನ ಮುಂದಿತ್ತಲ್ರಿ. ಜೀಪ್ ಸ್ಟ್ಯಾಂಡಿನ್ಯಾಗ ಪಾಳಿ ನಂಬರ್ ಹಚ್ಚಿದ ಮ್ಯಾಲ, ಒಂದ ಲೈನಿನ ಗಾಡಿ ಹಿಂದ ಹಾಕಿದ್ರ ಜಗಳ ಆಗತದ. ಕೆಟ್ಟ ನಿಂತಾಗ ಬಿಟ್ಟು ಹೋದ್ರಂತೂ ನಾಳಿ ಮಾರಿ ಹೆಂಗ ತೋರಿಸೂದು?’

ರಿಪೇರಿ ಅಷ್ಟು ಚೆನ್ನಾಗಿತ್ತು ಎಂದರೆ, ಆ ಕಾರು ಮೂರನೆಯ ಬಹುಮಾನ ತೆಗೆದುಕೊಂಡಿತು.

ಮಾಲೀಕರು

ಎರಡನೆಯ ರೇಸೇ ಕೊನೆಯ ಅವಕಾಶ. ಅದಕ್ಕೆ ಮಾವನೇ ಬಂದರು. ರೇಸು ನೋಡಲು ಬಂದವರಲ್ಲ, ಮುಗಿದ ಕೂಡಲೇ ಅಳಿಯನನ್ನು ಅಲ್ಲಿಂದಲೇ ಗಿರಣಿಗೆ ಕರೆದೊಯ್ಯಲು ಬಂದವರು. ಮಗಳ ಕೈಯಿಂದ ಅವನ ಬಟ್ಟೆಯ ಚೀಲವನ್ನೂ ಕಟ್ಟಿಸಿ ತಂದಿದ್ದರು.

ಈ ಸಲ ನಾನು ಡ್ರೈವರನಿಗೆ ಬೇರೆ ಮಾತು ಹೇಳಿದೆ: ‘ಮುಂದ ಇರೋವೆಲ್ಲಾ ಸರ್ಕಾರಿ ಬಸ್ಸು.’ ಅಷ್ಟೇ ಸಾಕಾಯಿತು. ಒಂಬತ್ತನೆಯ ಸ್ಥಾನದಿಂದ ಹೊರಟವನು ಹನ್ನೆರಡು ಸುತ್ತಿನಲ್ಲಿ ನಾಲ್ಕನೆಯವನಾದ. ಮಾವ ಬೇಲಿಯ ಹತ್ತಿರಕ್ಕೆ ಸರಿದರು. ಹದಿನಾರನೆಯ ಸುತ್ತಿನಲ್ಲಿ ಅವರ ಬಾಯಿಂದ ‘ಹೊಡೀಲೇ!’ ಎಂಬ ಮಾತು ಹೊರಬಿತ್ತು. ಅಳಿಯ ತಿರುಗಿ ನೋಡಿದಾಗ ಕೆಮ್ಮಿದರು.

ಇಪ್ಪತ್ತನೆಯ ಸುತ್ತು, ಕೊನೆಯ ತಿರುವು. ಬುಸ್ಸೆಂದು ಹೊಗೆ ಬಂದು ನಮ್ಮ ಕಾರು ನಿಂತಿತು. ಗೆರೆ ಮೂವತ್ತು ಹೆಜ್ಜೆ ದೂರ. ಉಳಿದ ಕಾರುಗಳೆಲ್ಲ ದಾಟಿಹೋದವು.

ನಿಯಮ ನನಗೆ ನೆನಪಿತ್ತು. ಕೊನೆಯ ಸುತ್ತಿನಲ್ಲಿ ನಿಂತ ಕಾರನ್ನು ಐದು ನಿಮಿಷದೊಳಗೆ ತಳ್ಳಿ ದಾಟಿಸಬಹುದು, ತಂಡದವರು ಮಾತ್ರ. ತಂಡ ಎಂದರೆ ಮೇಸ್ತ್ರಿ ಮತ್ತು ನಾನು. ಓಡಿಹೋಗಿ ತಳ್ಳಿದೆವು. ಮೆತ್ತನೆಯ ಮಣ್ಣಿನಲ್ಲಿ ಚಕ್ರ ಹೂತಿತ್ತು. ಪಂಜರದ ಭಾರಕ್ಕೆ ಕಾರು ಮಿಸುಕಲಿಲ್ಲ. ಒಳಗೆ ಬೆಲ್ಟು ಬಿಗಿದು ಕೂತ ಡ್ರೈವರ್ ಲೈನಿನ ರೂಢಿಯಂತೆ ಕೂಗುತ್ತಿದ್ದ: ‘ಇಳೀರಿ, ಎಲ್ಲಾರೂ ಇಳದು ಸ್ವಲ್ಪ ನೂಕ್ರಿ!’ ಇಳಿಯಲು ಯಾರೂ ಇರಲಿಲ್ಲ.

‘ಲೇ, ಕೈಲೆ ನೂಕಬ್ಯಾಡ್ರೋ! ಬೆನ್ನು ಹಚ್ಚರಿ, ಬೆನ್ನು!’

ಬೇಲಿಯಾಚೆಯಿಂದ ಮಾವ. ನಮಗೆ ತಿಳಿಯಲಿಲ್ಲ. ಅವರಿಗೆ ತಡೆಯಲಾಗಲಿಲ್ಲ. ಧೋತರ ಕಚ್ಚೆ ಕಟ್ಟಿ, ಬೇಲಿ ದಾಟಿ, ಬಂದು ಕಾರಿಗೆ ಬೆನ್ನು ಕೊಡುವಷ್ಟರಲ್ಲಿ ಅಧಿಕಾರಿ ಸೀಟಿ ಊದಿದ. ತಂಡದವರಲ್ಲದವರು ಮುಟ್ಟಿದರೆ ಕಾರು ರದ್ದು ಎಂದ.

ತಂಡದ ಪಟ್ಟಿ ನನ್ನ ಜೇಬಿನಲ್ಲೇ ಇತ್ತು. ಹೆಸರು ಸೇರಿಸಬಹುದೇ ಎಂದು ಕೇಳಿದೆ. ಸಹಿ ಹಾಕಿದರೆ ಆಗಬಹುದು ಎಂದ. ಡಿಕ್ಕಿಯ ಮೇಲೆ ಕಾಗದವಿಟ್ಟು ಬರೆದು ಪೆನ್ನು ಚಾಚಿದೆ.

‘ಏನಂತ ಬರದ್ರಿ?’

‘ಸಹಾಯಕ.’

‘ಯಾರಿಗೆ?’

‘ನಿಮ್ಮ ಅಳಿಯನಿಗೆ.’

ಮಾವ ಪೆನ್ನು ಕೆಳಗಿಟ್ಟರು. ‘ಚೀಲಾ ಹೊರೂ ಮುಂದೂ ನಾ ಯಾರಿಗೂ ಸಹಾಯಕ ಇರ್ಲಿಲ್ಲ.’

ಎರಡು ನಿಮಿಷ ಉಳಿದಿತ್ತು. ‘ಏನರ ಬರೀರಿ ಸರ್, ಅವರು ಅಂದದ್ದ ಬರೀರಿ, ಜಲ್ದಿ!’ ಎಂದು ಮೇಸ್ತ್ರಿ ಅಳುವ ದನಿಯಲ್ಲಿ ಕಿರುಚಿದ. ಪಟ್ಟಿಯಲ್ಲಿ ಒಂದು ಸ್ಥಾನವನ್ನು ಮೇಸ್ತ್ರಿಯೂ ನಾನೂ ಪರಸ್ಪರ ಗೌರವದಿಂದ ಖಾಲಿ ಬಿಟ್ಟಿದ್ದೆವು. ಅಲ್ಲಿ ಮಾವನ ಹೆಸರು ಬರೆದೆ: ಮಾಲೀಕ.

ಮಾವ ಓದಿಸಿ ಕೇಳಿದರು. ಸಾವಕಾಶವಾಗಿ ಸಹಿ ಹಾಕಿ, ಕೆಳಗೆ ಎರಡು ಗೆರೆಯನ್ನೂ ಎಳೆದರು. ಆಮೇಲೆ ಬೆನ್ನು ಕೊಟ್ಟು ‘ಹ್ಞಾಂ!’ ಎಂದರು. ಅಕ್ಕಿಯ ಚೀಲ ಎದ್ದಂತೆ ಕಾರು ಎದ್ದಿತು. ಕೆಲವು ಸೆಕೆಂಡು ಉಳಿದಿರುವಾಗ ಗೆರೆ ದಾಟಿದೆವು. ಮೇಸ್ತ್ರಿ ಮಣ್ಣಿನಲ್ಲಿ ಕೂತು ಅತ್ತ. ಗಿರಣಿ ತಪ್ಪಿತು ಎಂದು ಅತ್ತ.

ನೋಂದಣಿ ಪತ್ರ ಬಂದಿದೆ. ಮಾಲೀಕರ ಹೆಸರು ದಪ್ಪಕ್ಷರದಲ್ಲಿದೆ. ಗಿರಣಿಯನ್ನು ಈಗ ಅವರ ಮಗಳು, ಮೇಸ್ತ್ರಿಯ ಹೆಂಡತಿ, ನೋಡಿಕೊಳ್ಳುತ್ತಾಳೆ; ಮೊದಲಿಗಿಂತ ಚೆನ್ನಾಗಿ ನಡೆಯುತ್ತಿದೆಯಂತೆ. ಮಾವ ಮಾನ್ವಿಯಿಂದ ದಿನಾ ಮೊದಲ ಬಸ್ಸಿಗೆ ಹೊರಟು ಎಂಟಕ್ಕೆ ಶೆಡ್ಡಿನಲ್ಲಿರುತ್ತಾರೆ. ಅಳಿಯನ ಬಾಜೂಕ ಕೂತು ನಟ್ಟು ಬಿಗಿಯುವುದನ್ನು ತಿದ್ದುತ್ತಾರೆ. ಭಾನುವಾರ ರೇಸಿರುತ್ತದೆ; ಇಲ್ಲದಿದ್ದರೆ ಅವರೇ ಅಭ್ಯಾಸ ಇಡುತ್ತಾರೆ.

ಹೋದ ವಾರ ಮೇಸ್ತ್ರಿ ನನ್ನನ್ನು ಶೆಡ್ಡಿನ ಹಿಂದಕ್ಕೆ ಕರೆದ. ಆಚೆ ಈಚೆ ನೋಡಿ, ದನಿ ತಗ್ಗಿಸಿ ಹೇಳಿದ:

‘ಗಿರಣಿಗೇ ಹೋಗಬೇಕಿತ್ತರಿ ಸರ್. ಅಲ್ಲಿ ಐತವಾರ ಆದ್ರೂ ಸೂಟಿ ಇರತಿತ್ತು.’