ಹಳೆ ಕಿಟಕಿ ಕೀಳುವವನ ಕಷ್ಟಸುಖ

ಕುಂಬಳೆಯ ಹತ್ತಿರ ಹೆದ್ದಾರಿ ಬದಿಯಲ್ಲಿ ನನ್ನದೊಂದು ಸಣ್ಣ ಅಂಗಡಿ ಉಂಟು. ಹಳೆ ಕಿಟಕಿ ತೆಗೆದು ಹೊಸತು ಕೂರಿಸುವುದು ಮುಖ್ಯ ಕೆಲಸ. ಜೊತೆಗೆ ಡ್ರಿಲ್ಲು, ಗರಗಸ, ತಿರುಪುಳಿ ಇತ್ಯಾದಿಗಳ ಮಾರಾಟ. ಶಾರ್ಜಾದಲ್ಲಿ ಇದೇ ಕೆಲಸ ಮಾಡಿ ಬಂದವನು ನಾನು. ಅಲ್ಲಿ ಎತ್ತರದ ಕಟ್ಟಡಗಳಿಗೆ ಸಾಲುಸಾಲು ಗಾಜು ಕೂರಿಸಿದ್ದೇನೆ. ಆ ಗಾಜುಗಳ ಹಿಂದೆ ಯಾರು ವಾಸಕ್ಕೆ ಬಂದರು ಎಂದು ಇವತ್ತಿಗೂ ಗೊತ್ತಿಲ್ಲ. ಇಲ್ಲಿ ಹಾಗಲ್ಲ. ಇಲ್ಲಿ ಒಂದು ಕಿಟಕಿಗೆ ಕೈ ಹಾಕಿದರೆ ಇಡೀ ಸಂಸಾರ ಹೊರಗೆ ಬಂದು ನಿಲ್ಲುತ್ತದೆ. ಅಳತೆ ತೆಗೆಯಲು ಹೋದವನು ನಗು ತಡೆದುಕೊಂಡು ಹಿಂದೆ ಬರುವುದು ನನಗೆ ರೂಢಿಯೇ ಆಗಿಬಿಟ್ಟಿದೆ.

ಅಭ್ಯಾಸದ ತೂತು

ನಿವೃತ್ತ ಹೆಡ್‌ಮಾಸ್ಟರರೊಬ್ಬರ ಮನೆಗೆ ಹೊಸ ಕಿಟಕಿ ಹಾಕಿದ್ದೆವು. ಪರದೆಯ ಕಂಬಿ ಮಾತ್ರ ಬಾಕಿ. ಅದನ್ನು ನಾನೇ ಹಾಕಿಕೊಳ್ಳುತ್ತೇನೆ ಎಂದು ಅವರು ಡ್ರಿಲ್ಲು ಕೊಳ್ಳಲು ಅಂಗಡಿಗೆ ಬಂದರು.

"ಸರ್, ನಾಲ್ಕು ತೂತಿಗೆ ಹೊಸ ಡ್ರಿಲ್ಲು ಎಂತಕ್ಕೆ? ನನ್ನದು ತಕ್ಕೊಂಡು ಹೋಗಿ. ಕೆಲಸ ಆದ ಮೇಲೆ ಕೊಟ್ಟರೆ ಸಾಕು" ಎಂದೆ.

"ಇಲ್ಲ ಮಾರಾಯ. ನಿವೃತ್ತಿಯಾದವನಿಗೆ ಒಂದು ಹವ್ಯಾಸ ಬೇಕು. ನಾನು ವೀಡಿಯೊ ಎಲ್ಲ ನೋಡಿ ಆಗಿದೆ."

ಸಣ್ಣ ಡ್ರಿಲ್ಲನ್ನು ಮುಂದಿಟ್ಟೆ. ಅವರು ಅದನ್ನು ಎರಡು ಬೆರಳಲ್ಲಿ ಎತ್ತಿ, ಮಗುವಿನ ಆಟಿಕೆಯೇನೋ ಎಂಬಂತೆ ತಿರುಗಿಸಿ ನೋಡಿದರು. ಆಮೇಲೆ ಅವರ ಕಣ್ಣು ಮೇಲಿನ ಕಪಾಟಿಗೆ ಹೋಯಿತು. ಅಲ್ಲಿದ್ದದ್ದು ಕಾಂಕ್ರೀಟು ಒಡೆಯುವ ಯಂತ್ರ.

"ಅದು ಕಟ್ಟಡ ಕೆಲಸದವರಿಗೆ, ಸರ್."

"ನನ್ನದು ಗುಡಿಸಲಾ? ನನ್ನದೂ ಕಟ್ಟಡವೇ ಅಲ್ಲವಾ?" ಎಂದು ಅದನ್ನೇ ಎತ್ತಿಕೊಂಡರು. ಕೈಯಲ್ಲಿ ತೂಗಿ ನೋಡಿ, "ಹಾಂ, ಇದರಲ್ಲಿ ಒಂದು ಗಾಂಭೀರ್ಯ ಉಂಟು" ಎಂದರು.

ಮರುದಿನ ಬೆಳಗ್ಗೆ ಅವರ ಹೆಂಡತಿಯ ಫೋನು. ದನಿ ಬಹಳ ಶಾಂತವಾಗಿತ್ತು. "ಸ್ವಲ್ಪ ಬಂದು ಹೋಗ್ತೀರಾ? ಇವರಿಗೆ ಒಂದು ಸಂಶಯ ಉಂಟಂತೆ. ಗೋಡೆ ಎಷ್ಟು ದಪ್ಪ ಇರ್ತದೆ ಅಂತ."

ಹೋದೆ. ಕಿಟಕಿಯಿರುವ ಗೋಡೆ ಹಾಳಾಗಬಾರದು ಎಂದು ಹೆಡ್‌ಮಾಸ್ಟರರು ಮೊದಲು ಒಳಗಿನ ಗೋಡೆಯಲ್ಲಿ ಅಭ್ಯಾಸ ಮಾಡಿದ್ದರು. ಹಾಲಿಗೂ ಅಡುಗೆಮನೆಗೂ ನಡುವಿನ ತೆಳು ಗೋಡೆ ಅದು. ಯಂತ್ರ ತನ್ನ ಗಾಂಭೀರ್ಯವನ್ನು ಪೂರ್ತಿ ತೋರಿಸಿತ್ತು. ಹಾಲ್ ಕಡೆಯಿಂದ ಹೊಕ್ಕು, ಅಡುಗೆಮನೆಯ ಮಸಾಲೆ ಡಬ್ಬಿಗಳ ನಡುವೆ ಹೊರಬಂದಿತ್ತು. "ನಾನು ದೋಸೆ ಹೊಯ್ಯುತ್ತಿದ್ದೆ. ಗೋಡೆಯಿಂದ ಹಾವು ತಲೆ ಹಾಕಿತು ಅಂತ ಗ್ರಹಿಸಿದೆ" ಎಂದರು ಆಕೆ. ಪುಣ್ಯಕ್ಕೆ ಯಾರಿಗೂ ಏನೂ ಆಗಿರಲಿಲ್ಲ. ಹೆಡ್‌ಮಾಸ್ಟರರು ಮಾತ್ರ ಪರೀಕ್ಷೆಯಲ್ಲಿ ನಪಾಸಾದ ಹುಡುಗನ ಹಾಗೆ ಮೂಲೆಯಲ್ಲಿ ಕೂತಿದ್ದರು.

"ಸಿಮೆಂಟು ಹಾಕಿ ಈಗಲೇ ಮುಚ್ಚಿ ಕೊಡ್ತೇನೆ" ಎಂದೆ.

"ಬೇಡ, ಅದು ಹಾಗೇ ಇರಲಿ" ಎಂದರು ಹೆಂಡತಿ. "ಮದುವೆಯಾದಲ್ಲಿಂದ ನಾನು ಅಡುಗೆಮನೆಯಿಂದ ಕರೆದದ್ದು ಇವರಿಗೆ ಒಮ್ಮೆಯೂ ಕೇಳಿಸಿದ್ದಿಲ್ಲ. ಇವತ್ತು ಬೆಳಗ್ಗೆ ಮೊದಲ ಕರೆಗೇ ಓಡಿ ಬಂದರು."

ಹರಿತವಾದದ್ದು

ನಮ್ಮ ಜಿಲ್ಲೆಯಲ್ಲಿ ಕೆಲಸದ ಆಯುಧವೊಂದನ್ನು ಮರೆತು ಹೋದರೆ ಅದನ್ನು ಯಾವ ಭಾಷೆಯಲ್ಲಿ ಕೇಳುವುದು ಎಂಬುದೇ ಒಂದು ಸಮಸ್ಯೆ. ಒಂದೇ ಬೀದಿಯಲ್ಲಿ ಕನ್ನಡ, ತುಳು, ಮಲಯಾಳಂ, ಬ್ಯಾರಿ, ಕೊಂಕಣಿ ಎಲ್ಲ ಉಂಟು. ಎಲ್ಲರಿಗೂ ಎಲ್ಲವೂ ಅಷ್ಟಿಷ್ಟು ಬರುತ್ತದೆ. ತೊಂದರೆ ಇರುವುದು ಆ ಅಷ್ಟಿಷ್ಟರಲ್ಲೇ.

ನನ್ನ ಜೊತೆ ಕೆಲಸ ಮಾಡುವ ಆಚಾರಿ ಕಾರಡ್ಕ ಕಡೆಯವರು. ಮರದ ಕೆಲಸದಲ್ಲಿ ನುರಿತವರು, ಮಲಯಾಳಂ ಮಾತ್ರ ಹತ್ತಿರ ಸುಳಿಯುವುದಿಲ್ಲ. ಒಂದು ದಿನ ಮಲಯಾಳಿ ಮನೆಯೊಂದರಲ್ಲಿ ಕಿಟಕಿಯ ಹಳೆ ದಾರಂದ, ಅಂದರೆ ಮರದ ಚೌಕಟ್ಟು, ಕೀಳಲು ಕೂತೆವು. ಚೀಲ ಬಿಡಿಸಿ ನೋಡಿದರೆ ಉಳಿ ಇಲ್ಲ. ನಾನು ಹೆಂಚಿನ ಮಾಡಿನ ಹತ್ತಿರ ಏಣಿಯ ಮೇಲಿದ್ದೆ. ಆಚಾರಿ ಅಡುಗೆಮನೆಯ ಬಾಗಿಲಿಗೆ ಹೋಗಿ ಮನೆಯಾಕೆಯನ್ನು ಮಲಯಾಳಿಗಳ ಹಾಗೆ ಅಕ್ಕ ಎಂದು ಕರೆದು ಕೇಳಿದರು.

"ಚೇಚಿ, ಉಳಿ ಉಂಟಾ?"

ಆಕೆಗೆ ಕನ್ನಡ ಸ್ವಲ್ಪ ಬರುತ್ತಿತ್ತು. "ಉಂಟಲ್ಲ. ಸಣ್ಣದಾ, ದೊಡ್ಡದಾ?"

ಆಚಾರಿಗೆ ಖುಷಿಯಾಯಿತು. ಆಯುಧದ ಬಗ್ಗೆ ಇಷ್ಟು ತಿಳಿದ ಮನೆಯಾಕೆ ಸಿಗುವುದು ಅಪರೂಪ. "ಸಣ್ಣದು ಸಾಕು. ಹರಿತ ಉಂಟಾ?"

"ಹರಿತವಾ?" ಆಕೆ ಒಂದು ಗಳಿಗೆ ಯೋಚಿಸಿ, "ಉಂಟುಂಟು. ಕಣ್ಣಲ್ಲಿ ನೀರು ಬರ್ತದೆ" ಎಂದರು.

ಸ್ವಲ್ಪ ಹೊತ್ತಿನಲ್ಲಿ ಆಕೆ ಒಂದು ತಟ್ಟೆ ತಂದು ಕಿಟಕಿಯ ಹಲಗೆಯ ಮೇಲಿಟ್ಟರು. ತಟ್ಟೆ ತುಂಬ ಸಿಪ್ಪೆ ಸುಲಿದ ಸಣ್ಣ ನೀರುಳ್ಳಿ. ಮಲಯಾಳಂನಲ್ಲಿ ನೀರುಳ್ಳಿಗೆ ಉಳ್ಳಿ ಎನ್ನುತ್ತಾರೆ. ಕೆಲಸದವರು ಮಧ್ಯಾಹ್ನದ ಗಂಜಿಗೆ ನಂಜಿಕೊಳ್ಳಲು ಕೇಳುತ್ತಿದ್ದಾರೆ ಎಂದು ಆಕೆ ತಿಳಿದಿದ್ದರು.

ಆಚಾರಿ ತಟ್ಟೆಯನ್ನು ನೋಡಿದರು, ನನ್ನನ್ನು ನೋಡಿದರು. ಪ್ರೀತಿಯಿಂದ ಸುಲಿದು ತಂದದ್ದನ್ನು ಬೇಡವೆನ್ನುವುದು ಹೇಗೆ? ಒಂದನ್ನು ಬಾಯಿಗೆ ಹಾಕಿ ಜಗಿದರು. ಕಣ್ಣಲ್ಲಿ ನಿಜವಾಗಿಯೂ ನೀರು ಬಂತು.

ಅಷ್ಟರಲ್ಲಿ ಆಕೆ ನಮ್ಮ ಇಬ್ಬರ ಮುಖ ನೋಡಿ ಏನೋ ತಪ್ಪಿದೆ ಎಂದು ತಿಳಿದು, "ಸಾಕಾಗುವುದಿಲ್ಲವಾ?" ಎಂದು ಕೇಳಿದರು.

ಆಚಾರಿ ಕಣ್ಣೊರೆಸಿಕೊಂಡು, "ಸಾಕು ಚೇಚಿ. ಆದರೆ ಇದರಲ್ಲಿ ದಾರಂದ ಏಳುವುದು ಸ್ವಲ್ಪ ಕಷ್ಟ" ಎಂದರು.

ಮೀನು ಬಾರದ ಕಿಟಕಿ

ಶಿರಿಯದಲ್ಲಿ ರಸ್ತೆಯ ಅಂಚಿಗೇ ಇರುವ ಒಂದು ಮನೆ. ಉಪ್ಪುಗಾಳಿಗೆ ಕಿಟಕಿಯ ಸರಳುಗಳು ತುಕ್ಕು ಹಿಡಿದು, ಮುಟ್ಟಿದರೆ ಪುಡಿ ಉದುರುತ್ತಿದ್ದವು. ಅತ್ತೆ, ಸೊಸೆ, ಇಬ್ಬರು ಶಾಲೆಗೆ ಹೋಗುವ ಮಕ್ಕಳು. ಲಾರಿಗಳ ಸದ್ದಿನಲ್ಲಿ ಮಕ್ಕಳಿಗೆ ಓದಲು ಆಗುವುದಿಲ್ಲ ಎಂಬುದು ಸೊಸೆಯ ಚಿಂತೆ. ಎರಡು ಪದರದ ಗಾಜಿನ ಹೊಸ ಕಿಟಕಿ ಕೂರಿಸಿದೆ. ಕೂರಿಸಿ, ಎಲ್ಲರನ್ನೂ ನಿಲ್ಲಿಸಿ, ಸರ್ಕಸ್ಸಿನವನ ಹಾಗೆ ಮುಚ್ಚಿ ತೋರಿಸಿದೆ. ಲಾರಿ ಹೋಯಿತು, ಸದ್ದಿಲ್ಲ. ಬಸ್ಸು ಹೋಯಿತು, ಸದ್ದಿಲ್ಲ. ಸೊಸೆಯ ಮುಖ ಅರಳಿತು. ಯಾವಾಗಲೂ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂರುವ ಅತ್ತೆ ಮಾತ್ರ ಗಾಜಿನಾಚೆ ರಸ್ತೆಯನ್ನೇ ನೋಡುತ್ತಿದ್ದರು.

ಕೆಲವು ದಿನ ಬಿಟ್ಟು ಅತ್ತೆಯದ್ದೇ ಫೋನು. "ಮಗಾ, ನಿನ್ನ ಕಿಟಕಿ ಸರಿ ಇಲ್ಲ. ಅದರಲ್ಲಿ ಮೀನು ಬರುವುದಿಲ್ಲ."

"ಎಂತ ಬರುವುದಿಲ್ಲ ಅಮ್ಮ?"

"ಮೀನು! ಮುಂಚೆ ದಿನಾ ಬರುತ್ತಿತ್ತು. ಈಗ ಬಸಳೆ, ಸೌತೆ, ಪುನಃ ಬಸಳೆ."

ಹೋಗಿ ಕೂತು ಕೇಳಿದ ಮೇಲೆ ವಿಷಯ ಗೊತ್ತಾಯಿತು. ಮೀನಿನವನು ಸ್ಕೂಟರಿನಲ್ಲಿ ಬಂದು ಗೇಟಿನ ಹತ್ತಿರ ಹಾರ್ನ್ ಹಾಕುತ್ತಿದ್ದ. ಎಷ್ಟೋ ಕಾಲದ ಪದ್ಧತಿ. ಆ ಹಾರ್ನ್ ಕೇಳಿ ಅತ್ತೆ ಸೊಸೆಯನ್ನು ಪಾತ್ರೆ ಹಿಡಿದುಕೊಂಡು ಕಳಿಸುವುದು. ಈಗ ಹಾರ್ನ್ ಒಳಗೆ ಬರುತ್ತಿರಲಿಲ್ಲ. ಅತ್ತೆ ಕುರ್ಚಿಯಲ್ಲಿ ತೂಕಡಿಸುತ್ತಾ, ಇವನು ನಮ್ಮನ್ನು ಮರೆತನೇ ಎಂದು ನೊಂದುಕೊಂಡಿದ್ದರು.

ಹೊರಗೆ ಹೋಗಿ ಮೀನಿನವನನ್ನು ಹುಡುಕಿದೆ. ಅವನೂ ನೊಂದಿದ್ದ. "ಎಷ್ಟು ಹಾರ್ನ್ ಹಾಕಿದರೂ ಯಾರೂ ತಿರುಗಿ ನೋಡುವುದಿಲ್ಲ ಸಾಹೇಬ್ರೆ. ನಾನು ಕೊಟ್ಟ ಬಂಗುಡೆ ಚೆನ್ನಾಗಿರಲಿಲ್ಲ ಅಂತ ಅಮ್ಮನಿಗೆ ಸಿಟ್ಟು ಬಂದಿರಬೇಕು. ನಾಚಿಕೆಯಾಗಿ ಆಚೆ ರಸ್ತೆಯಿಂದ ಹೋಗ್ತಾ ಇದ್ದೇನೆ."

ಒಂದು ಗಾಜು ಅಡ್ಡ ಬಂದದ್ದಕ್ಕೆ ಇಬ್ಬರು ಒಳ್ಳೆಯವರು ಒಬ್ಬರನ್ನೊಬ್ಬರು ತಪ್ಪು ತಿಳಿದು ಕೂತಿದ್ದರಲ್ಲ ಎಂದು ನನಗೆ ಬೇಸರವಾಯಿತು. ಸದ್ದು ತಡೆಯುವುದು ನನಗೆ ಗೊತ್ತು. ಯಾವ ಸದ್ದು ಬೇಕು, ಯಾವುದು ಬೇಡ ಎಂದು ವಿಂಗಡಿಸುವ ಗಾಜು ಎಲ್ಲಿ ಸಿಗುತ್ತದೆ? ಅವನನ್ನು ಕರೆದುಕೊಂಡು ಹೋಗಿ ಅತ್ತೆಯ ಮುಂದೆ ನಿಲ್ಲಿಸಿದೆ. ಇಬ್ಬರೂ ನಕ್ಕರು. ಇನ್ನು ಹಾರ್ನ್ ಬೇಡ, ನೇರ ಬಂದು ಕಿಟಕಿಗೆ ತಟ್ಟುವುದು ಎಂದು ತೀರ್ಮಾನವಾಯಿತು.

ಮುಂದಿನ ವಾರ ಸೊಸೆಯ ಫೋನು. "ಅಣ್ಣ, ಗಾಜು ಒರೆಸಲು ಎಂತಾದರೂ ದ್ರಾವಣ ಉಂಟಾ? ಅವನು ಕೈಯಲ್ಲಿ ಬಂಗುಡೆ ಹಿಡಿದು ಬಂಗುಡೆಯಿಂದಲೇ ತಟ್ಟುತ್ತಾನೆ."

ಅವಸರವಿಲ್ಲದ ಚಿಲಕ

ಅಣ್ಣತಮ್ಮಂದಿರಿಬ್ಬರು ಒಂದೇ ಮನೆಯ ನಡುವೆ ಗೋಡೆ ಎಬ್ಬಿಸಿ ಎರಡು ಮನೆ ಮಾಡಿಕೊಂಡಿದ್ದರು. ಬಾವಿಕಟ್ಟೆ ಯಾರ ಪಾಲಿಗೆ ಎಂಬ ಮಾತಿನಲ್ಲಿ ಶುರುವಾದದ್ದು ಮಾತೇ ನಿಲ್ಲುವಲ್ಲಿಗೆ ಮುಟ್ಟಿತ್ತು. ಅಣ್ಣನ ಊಟದ ಕೋಣೆಯ ಕಿಟಕಿಯೊಂದು ತಮ್ಮನ ಹಿಂದಿನ ಜಗಲಿಗೆ ತೆರೆಯುತ್ತಿತ್ತು. ಅದಕ್ಕೆ ಎಷ್ಟೋ ವರ್ಷದಿಂದ ಮೊಳೆ ಹೊಡೆದಿತ್ತು. ಗೆದ್ದಲು ಹಿಡಿದ ಮೇಲೆ ಅಣ್ಣ ನನ್ನನ್ನು ಕರೆಸಿದರು.

"ತೆರೆಯುವ ಕಿಟಕಿ ಬೇಡ. ಮಂಜುಗಾಜು ಹಾಕಿ ಕಾಯಂ ಮುಚ್ಚಿಬಿಡಿ. ಬೆಳಕು ಬಂದರೆ ಸಾಕು. ಆಚೆಯದ್ದು ಎಂತದೂ ಕಾಣಬಾರದು."

ನಾವು ಹಳತನ್ನು ಕಿತ್ತು ಹೊಸ ಚೌಕಟ್ಟು ಕೂರಿಸಿದೆವು. ಗಾಜು ತರುವಾಗ ಪಿಕಪ್ಪು ಒಂದು ಹೊಂಡಕ್ಕೆ ಇಳಿದು ಗಾಜು ಸೀಳಿತು. ಬೇರೆಯದು ಮಂಗಳೂರಿನಿಂದ ಬರಬೇಕು. ಅಲ್ಲಿಯವರೆಗೆ ಚೌಕಟ್ಟಿಗೆ ಒಂದು ನೀಲಿ ಟಾರ್ಪಾಲು ಕಟ್ಟಿ ಬಂದೆವು.

ಆಮೇಲಿನದ್ದನ್ನು ನನಗೆ ಹೇಳಿದವರು ಅಣ್ಣನ ಹೆಂಡತಿ. ಮರುದಿನ ತಮ್ಮನ ಮನೆಯಲ್ಲಿ ಮೆಣಸು ಹುರಿದರು. ಘಾಟು ಟಾರ್ಪಾಲಿನ ಸಂದಿಯಿಂದ ನುಗ್ಗಿ, ಊಟಕ್ಕೆ ಕೂತ ಅಣ್ಣ ಸೀನತೊಡಗಿದರು. ಆಚೆಯಿಂದ ತಮ್ಮ ತನ್ನ ಹೆಂಡತಿಗೆ ಹೇಳುವ ಹಾಗೆ ಗಟ್ಟಿಯಾಗಿ, "ಅಣ್ಣನಿಗೆ ಶೀತ ಆಗಿದೆಯಂತ ಕಾಣ್ತದೆ. ಕಷಾಯ ಕುಡಿಯಬೇಕಿತ್ತು" ಎಂದರು.

ಅಣ್ಣ ತನ್ನ ಹೆಂಡತಿಯ ಕಡೆ ತಿರುಗಿ ಅಷ್ಟೇ ಗಟ್ಟಿಯಾಗಿ, "ಶೀತ ಅಲ್ಲ ಅಂತ ಹೇಳು. ಅವರ ಮೆಣಸಿನ ಘಾಟು" ಎಂದರು.

"ನಾನು ಎಂತ ಹೇಳುವುದು? ನೀವೇ ಹೇಳಿ ಆಯ್ತಲ್ಲ" ಎಂದು ಆಕೆ ಎದ್ದು ಹೋದರು.

ಹೆಂಡತಿಯೂ ಇಲ್ಲ, ಸೀನು ನಿಲ್ಲುವುದೂ ಇಲ್ಲ. ಕೊನೆಗೆ ಅಣ್ಣ ಟಾರ್ಪಾಲಿಗೆ ಮುಖ ಕೊಟ್ಟು, "ಹೊಗೆ ಹೋಗಲು ಬಾಗಿಲಾದರೂ ತೆರೆಯೋ!" ಎಂದರು. ಆಚೆ ಬಾಗಿಲಿನ ಅಗುಳಿ ಸರಿದ ಸದ್ದಾಯಿತು. ಆಮೇಲೆ ತಮ್ಮನ ದನಿ: "ತೆರೆದೆ ಅಣ್ಣ."

ಆಕೆ ಇದನ್ನು ನಗುತ್ತಲೇ ಹೇಳಿದರು. ಹೇಳುತ್ತಾ ಸೆರಗಿನಿಂದ ಮೂಗು ಒರೆಸಿಕೊಂಡರು. ಮೆಣಸಿನ ಘಾಟು ಅಷ್ಟು ದಿನ ಇರುವುದಿಲ್ಲ.

ಗಾಜು ಬಂದ ಕೂಡಲೇ ನಾನು ಹೊತ್ತುಕೊಂಡು ಹೋದೆ. ಟಾರ್ಪಾಲು ಬಿಚ್ಚಿಯಾಗಿತ್ತು. ಅಣ್ಣ ಈಚೆ, ತಮ್ಮ ಆಚೆ ಕೂತು ಚೌಕಟ್ಟಿನ ಮೇಲೆ ಚಾದ ಲೋಟ ಇಟ್ಟುಕೊಂಡಿದ್ದರು.

"ಈಗ ಗಾಜು ಬೇಡ" ಎಂದರು ಅಣ್ಣ. "ಸ್ವಲ್ಪ ಗಾಳಿಯೂ ಬೇಕು. ತೆರೆಯುವ ಹಾಗೆ ಮಾಡಿ."

"ಯಾವ ಕಡೆಗೆ ತೆರೆಯಬೇಕು?" ಎಂದೆ. ಕೇಳಬಾರದಿತ್ತು.

"ಹೊರಗೆ" ಎಂದರು ಅಣ್ಣ. "ನನ್ನ ಜಗಲಿಗಾ? ತಲೆಗೆ ತಾಗ್ತದೆ. ಒಳಗೆ!" ಎಂದರು ತಮ್ಮ. "ಒಳಗೆ ಊಟದ ಮೇಜು ಉಂಟು!" ದನಿ ಏರಿತು. ಬಾವಿಕಟ್ಟೆಯ ಪ್ರಸ್ತಾಪವೂ ಬಂತು. ಇವರನ್ನು ಕೂಡಿಸಿದ್ದೂ ಕಿಟಕಿ, ಈಗ ಕೆಡಿಸುವುದೂ ಕಿಟಕಿ ಎಂದು ನಾನು ಅಳತೆಪಟ್ಟಿ ಮಡಚಿಕೊಂಡು ಹಿಂದೆ ಸರಿದೆ. ಅಣ್ಣನ ಹೆಂಡತಿ ಮಾತ್ರ ನಿಶ್ಚಿಂತೆಯಿಂದ ನನಗೂ ಚಾ ತಂದರು. "ನೀವು ಹೆದರಬೇಡಿ. ಜಗಳ ಮಾಡಲಿ. ಮಾತಾಡದೆ ಇದ್ದದ್ದನ್ನು ನಾವು ಎಷ್ಟು ನೋಡಿದ್ದೇವೆ."

ನಾನು ಒಳಗೂ ಅಲ್ಲ, ಹೊರಗೂ ಅಲ್ಲ, ಬದಿಗೆ ಸರಿಯುವ ಕಿಟಕಿ ಹಾಕಿದೆ. ಚಿಲಕ ಯಾವ ಕಡೆಗೆ ಎಂಬ ಪ್ರಶ್ನೆಯನ್ನು ಯಾರೂ ಎತ್ತುವ ಮೊದಲೇ ಚಿಲಕವಿಲ್ಲದೆ ಕೂರಿಸಿ ಗಾಡಿ ಹತ್ತಿದೆ.

ತಿಂಗಳು ಕಳೆಯುವ ಮುಂಚೆ ಅಣ್ಣನ ಫೋನು ಬಂತು. "ಕಿಟಕಿ ಲಾಯಕ್ ಉಂಟು. ಆದರೆ ಚಿಲಕ ಇಲ್ಲದೆ ಕಷ್ಟ ಮಾರಾಯ. ಮೇಜಿನ ಮೇಲೆ ಹಲಸಿನ ಹಪ್ಪಳ ಇಟ್ಟರೆ ಆಚೆಯಿಂದ ಕೈ ಬರ್ತದೆ."

ಫೋನಿನೊಳಗಿಂದಲೇ ಇನ್ನೊಂದು ದನಿ ಕೇಳಿಸಿತು. "ಚಿಲಕ ಹಾಕುವುದಾದರೆ ನನ್ನ ಕಡೆಗೆ ಹಾಕಲಿಕ್ಕೆ ಹೇಳು ಅಣ್ಣ! ನನ್ನ ಪೇಪರು ನಾನು ಓದುವ ಮುಂಚೆ ಯಾರು ಎಳೆದುಕೊಳ್ಳುವುದು?"

ನನ್ನ ಮುಂದೆ ಡಬ್ಬಿ ತುಂಬ ಚಿಲಕಗಳಿದ್ದವು. "ಚಿಲಕ ಸ್ಟಾಕ್ ಇಲ್ಲ" ಎಂದೆ.

"ಯಾವಾಗ ಬರ್ತದೆ?"

"ಬರುವುದು ಸ್ವಲ್ಪ ಕಷ್ಟವೇ."

ಆ ಕಡೆಯಿಂದ ಎರಡೂ ದನಿ ಒಟ್ಟಿಗೇ ಬಂತು: "ಅಡ್ಡಿಲ್ಲ, ಅವಸರ ಎಂತದೂ ಇಲ್ಲ." ಹಿಂದೆಯೇ ಹಪ್ಪಳ ಮುರಿಯುವ ಸದ್ದು ಕೇಳಿಸಿತು, ಮತ್ತು ಅಣ್ಣನ ಕೂಗು: "ನೋಡಿ, ಈಗಲೂ ತೆಗೆದ!"