ಉತ್ತರಾಣಿಯನ್ನು ಮೊದಲ ದರ್ಜೆಯಲ್ಲಿ ಪಾಸು ಮಾಡಿದ ಯಂತ್ರ ಮಹಾಶಯರಿಗೆ

ಮಾನ್ಯ ಇನ್‌ಫ್ರಾರೆಡ್ ಯಂತ್ರ ಮಹಾಶಯರೇ,

ಕಲಬುರಗಿಯ ಮೇ ತಿಂಗಳ ಬಿಸಿಲಿನಲ್ಲಿ ಇಡೀ ಕಟ್ಟಡಕ್ಕೆ ಏಸಿ ಇರುವ ಒಂದೇ ಕೋಣೆಯಲ್ಲಿ ವಾಸವಾಗಿರುವ, ಚಪ್ಪಲಿ ಹೊರಗೆ ಬಿಟ್ಟೇ ದರ್ಶನ ಪಡೆಯಬೇಕಾದ, ದಸರೆಯ ಖಂಡೇಪೂಜೆಯಂದು ಹಚ್ಚಿದ ಕುಂಕುಮವನ್ನು ಇನ್ನೂ ಅಳಿಸಿಕೊಳ್ಳದ ತಮ್ಮ ಸನ್ನಿಧಿಗೆ, ಹೊರಗಿನ ವರಾಂಡದಲ್ಲಿ ಕುಳಿತು ಪೊಟ್ಟಣಗಳ ಮೇಲೆ ಗಿಡಗಳ ಹೆಸರು ಬರೆಯುವ ಮುಕುಂದನ ಅನಂತ ನಮಸ್ಕಾರಗಳು. ಕನ್ನಡ ಎಂ.ಎ. ಮುಗಿಸಿದ ನನಗೆ ಈ ಮೂಲಿಕಾ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿದ್ದು ಅಕ್ಷರ ದುಂಡಗಿದೆಯೆಂಬ ಒಂದೇ ಕಾರಣಕ್ಕೆ. ಉಸಿರಿನ ತೇವ ತಾಗಿದರೆ ತಮ್ಮ ಲೆಕ್ಕ ತಪ್ಪುವುದರಿಂದ ತಮ್ಮೆದುರು ಯಾರೂ ಬಾಯಿ ತೆರೆಯಬಾರದೆಂದು ಗೋಡೆಗೆ ಫಲಕ ಬರೆದವನೂ ನಾನೇ. ಬಾಯಿ ತೆರೆಯದಿರುವುದು ನನಗೆ ಹುಟ್ಟಿನಿಂದಲೇ ಸಲೀಸು. ಅದಕ್ಕಾಗಿಯೇ ಈ ಪತ್ರ.

ತಾವು ದಯಮಾಡಿಸುವ ಮೊದಲು, ಒಂದು ಗಿಡದಲ್ಲಿ ಆಂಟಿಆಕ್ಸಿಡೆಂಟ್ ಗುಣ, ಅಂದರೆ ಶರೀರದೊಳಗೆ ತುಕ್ಕು ಹಿಡಿಯದಂತೆ ಕಾಯುವ ಗುಣ, ಎಷ್ಟಿದೆಯೆಂದು ತಿಳಿಯಲು ನಮ್ಮ ಸಂಶೋಧಕಿ ಕಸ್ತೂರಿಬಾಯಿಯವರು ಅದರ ರಸವನ್ನು ನೇರಳೆ ದ್ರಾವಣಕ್ಕೆ ಹನಿಸಿ, ಬಣ್ಣ ಎಷ್ಟು ಮಾಸಿತೆಂದು ನೋಡುತ್ತ ನಿಲ್ಲಬೇಕಿತ್ತು. ಹಾಗೆ ಮೂರು ವರ್ಷ ನಿಂತು ಪಡೆದ ಉತ್ತರಗಳನ್ನೆಲ್ಲ ಅವರು ತಮಗೆ ಕಲಿಸಿದರು. ಈಗ ತಾವು ಚಿಟಿಕೆ ಪುಡಿಯ ಮೇಲೆ ಕಣ್ಣಿಗೆ ಕಾಣದ ಬೆಳಕು ಬಿಟ್ಟು, ಏರಿಳಿತದ ಒಂದು ಗೆರೆ ಎಳೆದು, ಒಂದೇ ನಿಮಿಷದಲ್ಲಿ ಗಿಡದ ಯೋಗ್ಯತೆಯನ್ನು ಅಂಕಿಯಲ್ಲಿ ಹೇಳಿಬಿಡುತ್ತೀರಿ. ಇಂಥ ಚುರುಕು ಯಾವ ಕಚೇರಿಯಲ್ಲೂ ಕಂಡದ್ದಿಲ್ಲ.

ಹೋದ ತಿಂಗಳು ಕಮಲಾಪುರದಿಂದ ನಲವತ್ತು ಗಿಡಗಳ ಪುಡಿ ಬಂದದ್ದು ತಮಗೆ ನೆನಪಿರಬಹುದು. ಒಣಗಿಸಿ ಕುಟ್ಟಿ ಕಳಿಸಿದವರು ನನ್ನ ಮಾವಶಿ, ಅಂದರೆ ತಾಯಿಯ ತಂಗಿ, ಇಂದೂಬಾಯಿ. ಅಲ್ಲಿ ಮೂವತ್ತು ವರ್ಷ ಶಾಲೆಯ ಅಕ್ಕೋರಾಗಿದ್ದು ಒಂದು ಮಗುವನ್ನೂ ಫೇಲು ಮಾಡದೆ ನಿವೃತ್ತರಾದವರು. ಆ ನಲವತ್ತರಲ್ಲಿ ತಾವು ಮೊದಲ ಸ್ಥಾನ ಕೊಟ್ಟದ್ದು ಉತ್ತರಾಣಿಗೆ, ದಾರಿಬದಿಯಲ್ಲಿ ನಿಂತು ಹೋಗಿಬರುವವರ ಬಟ್ಟೆಗೆ ಅಂಟಿಕೊಳ್ಳುವ ಗಿಡಕ್ಕೆ. ನಮ್ಮ ಮುಖ್ಯಸ್ಥರಾದ ಅಣವೀರಪ್ಪನವರು, “ಏ ಮುಕುಂದ, ಹಾದ್ಯಾಗಿನ ಕಸ ಬಂಗಾರ ಆತಲ್ಲೋ!” ಎಂದು ಕುಣಿದರು. ಕಸ್ತೂರಿಬಾಯಿಯವರು ಮಾತ್ರ ನಂಬದೆ ಅದೇ ಪೊಟ್ಟಣದ ಪುಡಿಯನ್ನು ನೇರಳೆ ದ್ರಾವಣಕ್ಕೆ ಹಾಕಿ ನೋಡಿದರು, ಬಣ್ಣ ಮಾಯವಾಯಿತು. “ಮಷೀನ್ ಖರೇನೇ ಹೇಳ್ಯದ್ರಿ ಸರ್,” ಎಂದರು. ಬರುವ ಬುಧವಾರ ಐವಾನ್-ಎ-ಶಾಹಿಯ ಹತ್ತಿರದ ಸಭಾಂಗಣದಲ್ಲಿ, ಪರವೂರಿನ ವಿದ್ವಾಂಸರ ಮುಂದೆ, ಕಸ್ತೂರಿಬಾಯಿಯವರು ಉತ್ತರಾಣಿಯ ಮಹಿಮೆಯನ್ನು ಸಾರಲಿದ್ದಾರೆ.

ಈ ಸಂತೋಷವನ್ನು ಹಂಚಿಕೊಳ್ಳಲು ನಿನ್ನೆ ಕಮಲಾಪುರಕ್ಕೆ ಹೋದೆ. ಮಾವಶಿಗೆ ಆಶ್ಚರ್ಯವೇ ಆಗಲಿಲ್ಲ. “ಬರಲಾರದೇನೋ? ಮಷೀನ್ ಮಾರ್ಕ್ಸ್ ಕೊಡ್ತದ ಅಂತ ನೀನೇ ಹೇಳಿದ್ದಿಲ್ಲ? ಉಳಿದವು ತಾವೇ ಪಾಸ್ ಆಗೂವಂಗ ಇದ್ದವು. ಇದೊಂದು, ಪಾಪ, ಹಾದ್ಯಾಗ ಬೆಳದದ್ದು, ಇದಕ್ಕ ಯಾರು ಮಾರ್ಕ್ಸ್ ಕೊಡ್ತಾರ? ನಾಕು ಚಮಚ ನೆಲ್ಲಿಪುಡಿ ಕೂಡಿಸೀನಿ. ಗ್ರೇಸ್ ಮಾರ್ಕ್ಸ್ ಅಂತ ತಿಳ್ಕೋ,” ಎಂದು ನನ್ನ ತಟ್ಟೆಗೆ ಇನ್ನೊಂದು ಭಕ್ಕರಿ ಹಾಕಿದರು.

ಮಾನ್ಯರೇ, ತಾವು ಸುಳ್ಳು ಹೇಳಲಿಲ್ಲ. ನನ್ನ ದೂರು ಅದೇ. ಪೊಟ್ಟಣದಲ್ಲಿ ಶಕ್ತಿ ಎಷ್ಟಿದೆಯೆಂದು ಕೇಳಿದೆವು, ತಾವು ಎಷ್ಟೆಂದು ಹೇಳಿದಿರಿ. ಅದು ಯಾರ ಶಕ್ತಿಯೆಂದು ನಾವು ಕೇಳಲಿಲ್ಲ, ತಾವು ಹೇಳಲಿಲ್ಲ. ನೆಲ್ಲಿಯ ಗೆರೆಯನ್ನು ನೂರು ಸಲ ಎಳೆದಿರುವ ತಾವು, ಹಳೆಯ ಪರಿಚಯಸ್ಥರು ವೇಷ ಹಾಕಿ ಬಂದಾಗ ಒಂದು ಸಣ್ಣ ಕೆಮ್ಮಾದರೂ ಕೆಮ್ಮಬಹುದಿತ್ತು. ಇನ್ನೂ ಕಾಲ ಮಿಂಚಿಲ್ಲ. ನಾಳೆ ತಮ್ಮ ಗೆರೆಯನ್ನು ಸ್ವಲ್ಪ ಬಾಗಿಸಿ ‘ನೆಲ್ಲಿ’ ಎಂದು ಕನ್ನಡದಲ್ಲಿ ಮೂಡಿಸಬೇಕು. ಅಕ್ಷರ ಬಾರದಿದ್ದರೆ ತಿದ್ದಿಸಲು ಸಿದ್ಧನಿದ್ದೇನೆ. ಅದೂ ಕಷ್ಟವಾದರೆ, ಈ ಪುಡಿಯಲ್ಲಿ ಒಬ್ಬ ಅಕ್ಕೋರ ಕರುಣೆ ಇಂತಿಷ್ಟು ಪಾಲು ಬೆರೆತಿದೆಯೆಂದು ಕೆಳಗೆ ಒಂದು ಸಾಲು ಅಚ್ಚು ಹಾಕಬೇಕು.

ಈ ಕೆಲಸವನ್ನು ನಾನೇ ಮಾಡಬಹುದಲ್ಲ ಎಂದು ತಾವು ಕೇಳಬಹುದು. ಇಂದು ಮೂರು ಸಲ ಕಸ್ತೂರಿಬಾಯಿಯವರ ಮೇಜಿನ ತನಕ ಹೋದೆ. ಒಮ್ಮೆ ಗೋಂದು, ಒಮ್ಮೆ ಸ್ಕೆಚ್ ಪೆನ್ನು, ಒಮ್ಮೆ ಮತ್ತೆ ಗೋಂದು ಕೇಳಿ ತಂದೆ. ಆ ಪೊಟ್ಟಣದ ಮೇಲೆ ‘ಉತ್ತರಾಣಿ’ ಎಂದು ದುಂಡಗೆ ಬರೆದವನು ನಾನು. ಮೂರು ವರ್ಷ ನಿಂತೇ ದುಡಿದವರು ನನ್ನ ದುಂಡಕ್ಷರವನ್ನು ನಂಬಿ ಬುಧವಾರ ತುಂಬಿದ ಸಭೆಯಲ್ಲಿ ನಗೆಪಾಟಲಾಗಬಾರದು.

ತಮಗೆ ಕಿವಿಯಿಲ್ಲವೆಂಬ ಧೈರ್ಯದಲ್ಲಿ,
ತಮ್ಮ ವಿಶ್ವಾಸಿ,
ಮುಕುಂದ

ತಾ.ಕ.: ತಮಗೆ ಓದಲು ಬರುವುದಿಲ್ಲವೆಂಬುದು ನನಗೆ ಗೊತ್ತಿಲ್ಲದ್ದಲ್ಲ. ಆದಕಾರಣ ಈ ಪತ್ರವನ್ನು ತಮ್ಮ ಬಾಗಿಲಿಗೆ, ಸರಿಯಾಗಿ ಕೀಲಿಯ ಮೇಲೆಯೇ, ಅಂಟಿಸಿದ್ದೇನೆ. ಮುಂಜಾನೆ ಕೀಲಿ ತೆಗೆಯುವವರು ಕಸ್ತೂರಿಬಾಯಿಯವರು. ಎರಡು ಬಾಟಲಿ ಗೋಂದು ಖರ್ಚಾಗಿರುವುದರಿಂದ ಓದದೆ ಕಿತ್ತುಹಾಕಲು ಆಗದು. ಕೆಳಗೆ ಇಟ್ಟಿರುವ ಪೊಟ್ಟಣದಲ್ಲಿ, ಮಾವಶಿ ಮುಖ ಸಣ್ಣದು ಮಾಡಿಕೊಂಡು ಕೊಟ್ಟ, ನೆಲ್ಲಿ ಸೋಕದ ಬರೀ ಉತ್ತರಾಣಿ ಇದೆ. ದಯವಿಟ್ಟು ಅದನ್ನು ಫೇಲು ಮಾಡಿ.