ಸಾಬೂನಿನ ವೈರಿ ನಮ್ಮಣ್ಣ

ನಮ್ಮಣ್ಣನಿಗೆ ಈ ಲೋಕದಲ್ಲಿ ವೈರಿಗಳು ಯಾರೂ ಇಲ್ಲ, ಒಂದು ಸಾಬೂನಿನ ಹೊರತು! ಮೈಗೆ ಹಚ್ಚುವುದೋ, ಬಟ್ಟೆಗೆ ಹಚ್ಚುವುದೋ, ಪಾತ್ರೆ ತಿಕ್ಕುವುದೋ, ಯಾವ ಸಾಬೂನೂ ಅವನ ಷೆಡ್ಡಿನ ಬಾಗಿಲು ದಾಟುವಂತಿಲ್ಲ. ಹಾವು ಬಂದರೆ ಅವನು ಕೋಲು ಹುಡುಕುತ್ತಾನೆ. ಸಾಬೂನು ಬಂದರೆ ಬರಿಗೈಯಲ್ಲೇ ನುಗ್ಗುತ್ತಾನೆ. ಇಂಥವನ ಕೈಕೆಳಗೆ ಕೆಲಸ ಮಾಡುವವರ ಗತಿ ಏನು? ನನ್ನನ್ನು ಕೇಳಿ. ನಾನು ಅವನ ತಂಗಿ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಗಂಡನ ಮನೆಯಿಂದ ತಿರುಗಿ ಬಂದವಳು, ರಾಯಚೂರಿನ ಲಿಂಗಸೂಗೂರು ರಸ್ತೆಯಲ್ಲಿರುವ ಅವನ ಕಾರು ಬಣ್ಣದ ಷೆಡ್ಡಿನಲ್ಲಿ ತಿಕ್ಕುವ ಕೆಲಸ ಮಾಡುವವಳು. ಅವನ ಮೇಲೆ ನನಗಿರುವ ಸಿಟ್ಟು ಇಂದು ನಿನ್ನೆಯದಲ್ಲ. ಆ ಸಿಟ್ಟಿನಲ್ಲಿ ನಾನೊಂದು ಕೆಟ್ಟ ಕೆಲಸ ಮಾಡಿದೆ, ಅದರಿಂದ ಅವನು ಷೆಡ್ಡು ಮುಚ್ಚಿ ಹೋಗುವವರೆಗೆ ಬಂತು. ಅದನ್ನು ಹೇಳಲಿಕ್ಕೇ ಕೂತಿದ್ದೇನೆ. ಆದರೆ ಮೊದಲು ಅವನನ್ನು ಹೊಟ್ಟೆ ತುಂಬ ಬೈಯುತ್ತೇನೆ. ತಂಗಿಗೆ ಅಷ್ಟಾದರೂ ಹಕ್ಕು ಬೇಡವೇ?

ಕಾರಿಗೆ ಬಣ್ಣ ಬೀಳುವ ಮುಂಚೆ ಪ್ರೈಮರ್ ಎಂಬ ತಳಬಣ್ಣ ಬೀಳುತ್ತದೆ. ಅದು ಒಣಗಿದ ಮೇಲೆ ವಾಟರ್ ಪೇಪರ್ ಎಂಬ ಉಜ್ಜುಕಾಗದವನ್ನು ನೀರಿನಲ್ಲಿ ಅದ್ದಿ ಅದ್ದಿ ತಿಕ್ಕಬೇಕು, ಕೋಳಿಮೊಟ್ಟೆಯಂತೆ ನುಣ್ಣಗಾಗುವ ತನಕ. ಊರಿನ ಅರ್ಧ ಪೇಂಟರುಗಳು ಆ ನೀರಿಗೆ ಒಂದು ಚೂರು ಸಾಬೂನು ಹಾಕುತ್ತಾರೆ. ಪೇಪರು ಸರಸರ ಜಾರುತ್ತದೆ, ಅದಕ್ಕೆ ಪುಡಿ ಬೇಗ ಮೆತ್ತಿಕೊಳ್ಳುವುದಿಲ್ಲ, ತಿಕ್ಕುವವರ ಬೆರಳೂ ಉಳಿಯುತ್ತವೆ. ಆದರೆ ನಮ್ಮಣ್ಣನದು ಬರೀ ನೀರು!

“ಅಣ್ಣಾ, ಒಂದು ಚೂರು ಹಾಕಿದ್ರ ಏನಾಗ್ತದ?” ಅಂದೆ ಒಮ್ಮೆ.

“ಸಾರಿನ್ಯಾಗ ಒಂದು ಚೂರು ವಿಷ ಹಾಕಿದ್ರ ಏನಾಗ್ತದ?”

“ಊರಾಗ ಎಲ್ಲಾರೂ ಹಾಕ್ತಾರ.”

“ಊರಾಗ ಎಲ್ಲಾರೂ ಹಾಳಾಗ್ತಾರ. ನೀ ಸುಮ್ಮ ತಿಕ್ಕು.”

ಅವನ ವಾದ ಇಷ್ಟೇ: ಎಷ್ಟು ತೊಳೆದರೂ ಸಾಬೂನಿನ ತೆಳ್ಳನೆಯ ಪದರ ಉಳಿಯುತ್ತದೆ, ಅದರ ಮೇಲೆ ಬಣ್ಣ ಕೂರುವುದಿಲ್ಲ. “ಸಾಬೂನು ನಿನ್ನ ಕಣ್ಣಿಗಿ ಕಾಣೂದಿಲ್ಲ, ಬಣ್ಣದ ಕಣ್ಣಿಗಿ ಕಾಣ್ತದ,” ಎನ್ನುತ್ತಾನೆ. ಬಣ್ಣಕ್ಕೆ ಕಣ್ಣಿದೆಯಂತೆ! ತಂಗಿಯ ಬೆರಳ ಸಿಪ್ಪೆ ಸುಲಿದದ್ದನ್ನು ನೋಡಲಿಕ್ಕೆ ಮಾತ್ರ ಅವನಿಗೆ ಕಣ್ಣಿಲ್ಲ.

ಹೋಗಲಿ, ಕಾರಿಗೆ ಬೇಡವೆಂದರೆ ಬೇಡ. ಮೈಗೇನಾಗಿತ್ತು? ಬಣ್ಣ ಹೊಡೆಯುವ ದಿನ ನಾವಿಬ್ಬರೂ ಸಾಬೂನು ಮುಟ್ಟದೆ ಕಡಲೆಹಿಟ್ಟು ಹಚ್ಚಿಕೊಂಡು ಸ್ನಾನ ಮಾಡಬೇಕು. ರಾಯಚೂರಿನ ಬಿಸಿಲು ನಿಮಗೆ ಗೊತ್ತೇ ಇದೆ. ತಗಡಿನ ಷೆಡ್ಡಿನ ಕೆಳಗೆ ಮೈಗೆಲ್ಲ ಕಡಲೆಹಿಟ್ಟು ಮೆತ್ತಿಕೊಂಡು ನಿಂತವರು ಮಧ್ಯಾಹ್ನದ ಹೊತ್ತಿಗೆ ಏನಾಗುತ್ತಾರೆ? ಮಿರ್ಚಿ ಭಜಿ! ಎಣ್ಣೆಯೊಂದು ಕಡಿಮೆ.

ಸಾಬೂನು ಬೇಡ ಎಂದಮೇಲೆ ನೀರಾದರೂ ಚೊಕ್ಕ ಇರಬೇಕಲ್ಲ? ನಮ್ಮ ಬೋರಿನದು ಸವಳು ನೀರು, ಒಣಗಿದಲ್ಲೆಲ್ಲ ಬಿಳಿ ಕಲೆ ಬಿಡುತ್ತದೆ. ಅದಕ್ಕೆ ಅಣ್ಣ ಟ್ಯಾಂಕರಿನ ಸಿಹಿನೀರು ತರಿಸುತ್ತಾನೆ, ಬಂದ ಪ್ರತಿ ಟ್ಯಾಂಕರಿನ ನೀರನ್ನೂ ನಾಲಗೆಗೆ ಹಚ್ಚಿ ನೋಡುತ್ತಾನೆ. ಈ ಚಟ ಅವನನ್ನು ಹೆಣ್ಣು ನೋಡಲು ಹೋದಾಗಲೂ ಬಿಡಲಿಲ್ಲ. ಚಂದ್ರಬಂಡದಲ್ಲಿ ಹುಡುಗಿ ತಂದುಕೊಟ್ಟ ತಂಬಿಗೆಯ ನೀರು ಕುಡಿದು ಕಣ್ಣು ಮುಚ್ಚಿ ಕೂತುಬಿಟ್ಟ. ಹಿರಿಯರು ಗಾಬರಿಯಾಗಿ, “ಹುಡುಗಿ ಹೆಂಗ ಅನಸ್ತಾಳ್ರೀ?” ಎಂದು ಕೇಳಿದರೆ, “ಎಲ್ಲಿ ಬಾವಿದ್ರೀ ಇದು? ಈ ನೀರಾಗ ಒಂದು ಕಾರು ಪೂರಾ ತಿಕ್ಕಬಹುದು!” ಎಂದ. ಆ ಹುಡುಗಿಯೇ ಈಗ ನನ್ನ ಅತ್ತಿಗೆ. “ನಿಮ್ಮಣ್ಣ ನನ್ನೇನು ಮದುವಿ ಆಗ್ಯಾನಬೇ? ನಮ್ಮ ಬಾವಿನ ಆಗ್ಯಾನ,” ಎಂದು ಇವತ್ತಿಗೂ ಉರಿಯುತ್ತಾಳೆ.

ಯಾಪಲದಿನ್ನಿಯವನೊಬ್ಬ ತನ್ನ ಕಾರನ್ನು ಶಾಂಪೂ ಹಾಕಿ ಫಳಫಳ ತೊಳೆದು ತಂದಿದ್ದ. ಅಣ್ಣ ಕಾರಿನ ಸುತ್ತ ಮೂಸುತ್ತಾ ಬಂದ. “ಮದುವಿ ಮದಲಿಂಗನ್ನ ಕರಕೊಂಡು ಬಂದಿಯೇನೋ? ಹೋಗು, ಎರಡು ದಿನ ಹೊಲದಾಗ ಓಡಿಸಿ ಧೂಳು ಹಿಡಿಸಿಕೊಂಡು ಬಾ,” ಎಂದು ಕಳಿಸಿಬಿಟ್ಟ. ಬಂದ ಗಿರಾಕಿಯನ್ನು ಹೀಗೆ ಅಟ್ಟುವವನನ್ನು ಕಂಡರೆ ನಿಮಗೆ ಸಿಟ್ಟು ಬರುವುದಿಲ್ಲವೇ? ನನಗೆ ಬರುತ್ತದೆ. ಬಂತು ಕೂಡ.

ಅದು ಕಡು ಬೇಸಿಗೆ. ಮಾನ್ವಿಯ ಅಕ್ಕಿ ಗಿರಣಿಯ ಸಾವ್ಕಾರರೊಬ್ಬರ ಕೆಂಪು ಕಾರು ಬಂದಿತ್ತು. ಬಾನೆಟ್ಟಿಗೆ ಪ್ರೈಮರ್ ಹೊಡೆದು ಅಣ್ಣ ದೇವದುರ್ಗದ ಕಡೆ ನಮ್ಮೂರು ಅರಕೇರಾಕ್ಕೆ ಒಂದು ತೊಟ್ಟಿಲ ಕಾರ್ಯಕ್ಕೆ ಹೋದ. ನನ್ನನ್ನು ಕರೆಯಲಿಲ್ಲ. “ನೀ ಬಾನೆಟ್ ತಿಕ್ಕಿ ಇಡು. ಬರೀ ನೀರಾಗ!” ಎಂದು ಬಸ್ಸು ಹತ್ತುವಾಗಲೂ ಬೆರಳು ಎತ್ತಿ ಹೇಳಿದ. ಬಳಗವೆಲ್ಲ ಹೋಳಿಗೆ ಉಣ್ಣುವಾಗ ನಾನು ಪ್ರೈಮರ್ ತಿಕ್ಕುತ್ತಾ ಇರಬೇಕು. ಬಕೆಟ್ಟಿನ ನೀರು ಕಾದಿತ್ತು, ಬಾನೆಟ್ಟು ಅದಕ್ಕಿಂತ ಕಾದಿತ್ತು, ನಾನು ಎರಡಕ್ಕಿಂತ ಹೆಚ್ಚು ಕಾದಿದ್ದೆ. ಎದ್ದು ಮನೆಗೆ ಹೋಗಿ ಬಟ್ಟೆ ಸಾಬೂನಿನ ಅರ್ಧ ಬಿಲ್ಲೆ ತಂದು ಬಕೆಟ್ಟಿಗೆ ಹಾಕಿ ಕದಡಿದೆ.

ಆಹಾ, ಏನು ಹೇಳಲಿ! ಪೇಪರು ತುಪ್ಪದ ಮೇಲೆ ಜಾರಿದಂತೆ ಜಾರಿತು. ಅರ್ಧ ಹೊತ್ತಿನಲ್ಲಿ ಕೆಲಸ ಮುಗಿಯಿತು. ಟ್ಯಾಂಕರಿನ ನೀರು ತಳ ಕಂಡಿತ್ತು. ಬೋರಿನ ಸವಳು ನೀರನ್ನೇ ಒಂದು ಸಲ ಸುರಿದು, ಒರೆಸಿ, ಹೋಗಿ ಮಲಗಿದೆ. ಮರುದಿನ ಅಣ್ಣ ಬಂದು, “ಚೆಂದಾಗಿ ತೊಳದಿಯೇನ ಬೇ?” ಎಂದ. “ಹೂಂ,” ಎಂದೆ. ಮತ್ತೆ ಕೇಳಲಿಲ್ಲ. ಸ್ಪ್ರೇ ಗನ್ ಹಿಡಿದು ಬಣ್ಣ ಹೊಡೆದ.

ಹೊಡೆಯುತ್ತಿದ್ದಂತೆಯೇ ಬಾನೆಟ್ಟಿನ ತುಂಬ ಮೀನಿನ ಕಣ್ಣಿನಂಥ ಸಣ್ಣ ಸಣ್ಣ ಕುಳಿಗಳು ಎದ್ದವು. ಅಣ್ಣ ಗನ್ನನ್ನು ಗೋಡೆಯ ಮೊಳೆಗೆ ತೂಗುಹಾಕಿದ. ಅದೇ ಹೊತ್ತಿಗೆ ಬರಬೇಕೇ ಸಾವ್ಕಾರರು? “ಏನಪಾ, ನನ್ನ ಕಾರಿಗಿ ಅಮ್ಮ ಎಬ್ಬಿಸಿದ್ಯಲ್ಲೋ!” ಎಂದು ರಸ್ತೆಯ ಮಂದಿಯೆಲ್ಲ ಕೂಡುವ ಹಾಗೆ ಕೂಗಾಡಿದರು. ಅಣ್ಣ ಕೈ ಮುಗಿದ. ಬಾನೆಟ್ಟನ್ನು ಮತ್ತೆ ತಾನೇ ತಿಕ್ಕಿದ, ಬೇರೆ ಪೇಂಟರನ್ನು ಕರೆಸಿ ಬಣ್ಣ ಹೊಡೆಸಿ ಕಳಿಸಿದ.

ಆಮೇಲೆ ಅವನು ಯಾರ ಮೇಲೆ ಅನುಮಾನ ಪಡಲಿಲ್ಲ? ಕಂಪ್ರೆಸರ್ ಬಿಚ್ಚಿದ, ಪೈಪು ಬದಲಿಸಿದ, ಬಣ್ಣ ಮಾರಿದ ಅಂಗಡಿಯವನ ಜೊತೆ ಜಗಳವಾಡಿದ, ತಗಡಿನ ಮೇಲೆ ಕೂರುವ ಕಾಗೆಯನ್ನೂ ಬಿಡಲಿಲ್ಲ. ನನ್ನ ಮೇಲೊಂದು ಅನುಮಾನ ಪಡಬಾರದೇ? ಬಕೆಟ್ಟು ಮೂಸಬಾರದೇ? ಯಾಪಲದಿನ್ನಿಯ ಕಾರನ್ನು ಮೂಸಿದವನಿಗೆ ಮನೆಯ ಕಳ್ಳಿಯನ್ನು ಮೂಸಲಿಕ್ಕೆ ಏನಾಗಿತ್ತು? ಅವನ ಮೇಲೆ ನನಗೆ ಬಂದ ಸಿಟ್ಟುಗಳಲ್ಲೆಲ್ಲ ಇದೇ ದೊಡ್ಡದು. ಅಷ್ಟು ನಂಬಬಾರದಿತ್ತು ಅವನು.

ಕೊನೆಗೆ ತಪ್ಪು ನೀರಿನದು ಎಂದು ತೀರ್ಪು ಕೊಟ್ಟ. ದೇವದುರ್ಗದ ಕಡೆಯಿಂದ ಕೃಷ್ಣೆಯ ನೀರನ್ನು ಕ್ಯಾನುಗಳಲ್ಲಿ ತುಂಬಿ ಬಸ್ಸಿನಲ್ಲಿ ತರಲಿಕ್ಕೆ ಶುರು ಮಾಡಿದ. ನಾನೂ ಎತ್ತಿಕೊಡಲು ಹೋಗಿದ್ದೆ. ಕಂಡಕ್ಟರ್ ತಡೆದ.

“ಏನ್ರೀ ಇದು, ಹಾಲಾ?”

“ನೀರ್ರೀ.”

“ರಾಯಚೂರಾಗ ನೀರಿಲ್ಲೇನ್ರಿ?”

“ಮಂದಿಗಿ ಅದ. ಕಾರಿಗಿಲ್ಲ.”

“ಹಂಗಿದ್ರ ಕಾರಿನ್ಯಾಗ ಒಯ್ರಲ್ಲಾ, ನನ್ನ ಬಸ್ಸು ಯಾಕ್ರೀ ಬೇಕು!”

ಬಸ್ಸೆಲ್ಲ ನಕ್ಕಿತು. ಅಣ್ಣ ಮೊದಲಿನಂತಿದ್ದರೆ ಕಂಡಕ್ಟರನಿಗೆ ಸಾಬೂನಿನ ಮೇಲೆ ಒಂದು ಪುರಾಣವನ್ನೇ ಹೇಳುತ್ತಿದ್ದ. ಅವತ್ತು ತಲೆ ತಗ್ಗಿಸಿ ಕ್ಯಾನಿನ ಮುಚ್ಚಳ ಬಿಗಿ ಮಾಡುತ್ತಾ ಕೂತ. ಅವತ್ತೇ ಹೇಳಬೇಕಿತ್ತು. ಹೇಳಲಿಲ್ಲ.

ಮಾನ್ವಿಯ ಕಾಲುವೆಯ ನೀರೂ ಬಂತು. ಷೆಡ್ಡಿನ ತುಂಬ ಕ್ಯಾನುಗಳು. ಆದರೆ ಕಾರು ಬಂದರೆ, “ನೀರು ಇನ್ನಾ ಹೊಂದಿಲ್ರೀ,” ಎಂದು ತಿರುಗಿ ಕಳಿಸುತ್ತಿದ್ದ. ಗನ್ನು ಗೋಡೆಯಿಂದ ಕೆಳಗೆ ಇಳಿಯಲೇ ಇಲ್ಲ. ಒಂದು ದಿನ ಅತ್ತಿಗೆ ನನ್ನನ್ನು ಹಿತ್ತಲಿಗೆ ಕರೆದು, “ನಿಮ್ಮಣ್ಣ ಬೈಯೂದ ಬಿಟ್ಟಾನ ಬೇ. ನಿನ್ನಿ ಸಾರಿಗಿ ಉಪ್ಪು ಹಾಕಿದ್ದಿಲ್ಲ, ಸುಮ್ಮ ಉಂಡು ಎದ್ದ. ಷೆಡ್ ಮುಚ್ಚಿ ಮಾನ್ವಿ ಗಿರಣಿ ಗೇಟ್ ಕಾಯಾಕ ಹೋಗ್ತಾನಂತ,” ಎಂದು ಅತ್ತಳು. ಅದೇ ಸಾವ್ಕಾರರ ಗಿರಣಿ! ಅವರೇ ಕನಿಕರಪಟ್ಟು ಕೆಲಸ ಕೊಟ್ಟಿದ್ದರಂತೆ.

ಕಂಪ್ರೆಸರನ್ನೂ ಗನ್ನನ್ನೂ ಕೊಳ್ಳಲು ಒಬ್ಬ ಬಂದ ದಿನ ನಾನು ಕ್ಯಾನು ತೊಳೆಯುತ್ತಿದ್ದೆ. ಅಣ್ಣ ಗೋಡೆಯಿಂದ ಗನ್ ತೆಗೆದು, ಒರೆಸಿ, ಅವನ ಕೈಗೆ ಕೊಡಲು ಚಾಚಿದ. ನನಗೆ ತಲೆ ಕೆಟ್ಟಿತು. ಯಾರ ಮೇಲಿನ ಸಿಟ್ಟೋ ಏನೋ, ಕ್ಯಾನನ್ನು ಎತ್ತಿ ನೆಲಕ್ಕೆ ಒಗೆದೆ.

“ಕೊಡಬ್ಯಾಡ! ಆ ಬಾನೆಟ್ಟಿಗಿ ಸಾಬೂನು ಹಾಕಿದ್ದು ನಾ!”

“ಯಾವ ಬಾನೆಟ್ಟಿಗಿ?”

“ಮಾನ್ವಿ ಸಾವ್ಕಾರ್ರ ಕಾರಿಗಿ. ನೀ ಅರಕೇರಾಕ್ಕ ಹೋಗಿದ್ದಿ. ಅರಿಬಿ ಸಾಬೂನು, ಅರ್ಧ ಬಿಲ್ಲಿ. ಒಂದ ಸಲ ನೀರು ಹಾಕಿದೆ, ಅದೂ ಸವಳು ನೀರು. ಹೊಡಿ ಬೇಕಾದ್ರ!”

ಅವನು ಹೊಡೆಯಲಿಲ್ಲ. ಗನ್ ಹಿಡಿದುಕೊಂಡೇ ಒಂದು ಕ್ಯಾನಿನ ಮೇಲೆ ಕೂತ. ಬಲಗೈಯನ್ನು ಮುಖದ ಮುಂದೆ ತಂದು ನೋಡಿದ. ಮುಚ್ಚಿದ, ಬಿಚ್ಚಿದ, ಹೊರಳಿಸಿ ನೋಡಿದ.

“ಹಂಗಾದ್ರ ಅವತ್ತು ನನ್ನ ಕೈ ನಡುಗಿಲ್ಲಬೇ?” ಎಂದ. “ನೀರಿಂದು ಬರೀ ನೆವ ಇತ್ತು. ನನ್ನ ಕೈಯಾಗಿನ ಕಸುಬು ಹೋತು ಅಂತ ತಿಳಿದಿದ್ದೆ ನಾ. ಯಾರ ಮುಂದ ಹೇಳಲಿ?”

“ಇಲ್ಲಣ್ಣಾ. ನಿನ್ನ ಕೈ ಚಲೋ ಅದ.”

“ಖರೇ ಹೇಳು.”

“ಖರೇನ.”

ನಾನು ಕೆಡಿಸಿದ್ದು ಒಂದು ಬಾನೆಟ್ಟು ಎಂದು ತಿಳಿದಿದ್ದೆ. ಇಷ್ಟು ತಿಂಗಳು ಅವನು ತನ್ನ ಕೈಯನ್ನೇ ನಂಬದೆ ಬದುಕಿದ್ದ.

ಗನ್ನನ್ನು ಬಗಲಲ್ಲಿ ಇಟ್ಟುಕೊಂಡು ಎದ್ದು ನಿಂತ. ಮುಖ ಕೆಂಪಾಯಿತು, ಕತ್ತಿನ ನರ ಉಬ್ಬಿತು. “ದರಿದ್ರದಾಕಿ! ಹಾಕಿದ್ದು ಹಾಕಿದಿ, ತೊಳ್ಯಾಕ ಏನು ರೋಗ ಬಂದಿತ್ತು ನಿನಗ? ಸಾಬೂನು ಹಾಕಿದ್ರ ಮೂರು ಸಲ ಸಿಹಿನೀರು ಹಾಕಬೇಕಂತ ತಿಳೀಲಿಲ್ಲೇನು? ಬಾಯಾಗ ಏನು ಇಟಕೊಂಡಿದ್ದಿ ಇಷ್ಟು ದಿನ, ಕಡುಬಾ?” ಎಂದು ಶುರು ಮಾಡಿದವನು ನಿಲ್ಲಿಸಲೇ ಇಲ್ಲ. ಕೊಳ್ಳಲು ಬಂದವನು ಹಿಂದೆ ನೋಡದೆ ಓಡಿದ. ಆ ದನಿ ಕೇಳಿ ಅತ್ತಿಗೆ ಹಿಟ್ಟಿನ ಕೈಯಲ್ಲೇ ಓಡಿಬಂದು, ಬಾಗಿಲಲ್ಲಿ ನಿಂತು ಅಳುತ್ತಾ ನಗುತ್ತಿದ್ದಳು. ನಾನು ಅವನ ಮುಂದೆ ತಲೆ ಬಾಗಿಸಿ, ಆ ಬೈಗುಳದ ಒಂದಕ್ಷರವೂ ನೆಲಕ್ಕೆ ಬೀಳದಿರಲಿ ಎನ್ನುವಂತೆ ಸೆರಗು ಒಡ್ಡಿ ನಿಂತಿದ್ದೆ.